ಸಾವಿರದ ನೂರಾ ನಲವತ್ತೇಳನೇ ಹೆಸರು

1989ರ ನವೆಂಬರ್ 6, ಸೋಮವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಡಾ. ಪರಮೇಶಪ್ಪನವರು ಹಾನಗಲ್ಲ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕೌದಿಯಲ್ಲಿ ಸುತ್ತಿದ ಒಂದು ಗಂಟನ್ನು ಎಳೆಗೂಸಿನಂತೆ ಎದೆಗವಚಿಕೊಂಡಿದ್ದರು. ಹವಾಲ್ದಾರ ಉಡಚಪ್ಪ ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು, ಆಮೇಲೆ ಡಾಕ್ಟರರನ್ನು.

ಅದು ಅವನ ರೂಢಿ. ನಾಲ್ಕು ವರ್ಷದ ಹಿಂದೆ ಒಂದು ಪಂಚನಾಮೆಯಲ್ಲಿ ವೇಳೆಯನ್ನು ಒಂದು ತಾಸು ತಪ್ಪು ಬರೆದಿದ್ದ. ಆ ಒಂದು ತಾಸಿನಿಂದಲೇ ಮೊಕದ್ದಮೆ ಕೋರ್ಟಿನಲ್ಲಿ ಬಿದ್ದುಹೋಯಿತು. ಅಂದಿನಿಂದ ಏನು ಬರೆದರೂ ಮೂರು ಸಲ ಓದಿಕೊಳ್ಳುತ್ತಿದ್ದ. ಸಂಜೆ ಕಾಲೇಜಿಗೆ ಹೋಗಿ ಮೂವತ್ತೆಂಟನೇ ವಯಸ್ಸಿಗೆ ಬಿ.ಎ. ಪಾಸಾಗಿದ್ದರೂ, ತನಗಿಂತ ಎಲ್ಲರಿಗೂ ಒಂದು ಮಾತು ಹೆಚ್ಚು ಗೊತ್ತಿದೆ ಎಂಬ ಅಳುಕು ಹೋಗಿರಲಿಲ್ಲ.

ಡಾಕ್ಟರರು ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಬಾಲದಂತೆ ಒಂದು ದಪ್ಪ ತಂತಿ, ಅಂಗೈಯಗಲದ ಹಸಿರು ಹಲಗೆ.

ಪಿ.ಎಸ್.ಐ. ಕರಬಸಪ್ಪ ಪೆಟ್ಟಿಗೆಯನ್ನು ದೂರದಿಂದಲೇ ನೋಡಿದರು. "ಇದೇನ್ರಿ ಡಾಕ್ಟರ್ ಸಾಹೇಬ್ರ? ಸಿಡಿಯೂದಲ್ಲ ಹೌದಲ್ರಿ?"

"ಹಾರ್ಡ್ ಡಿಸ್ಕ್ ಅಂತಾರ್ರಿ. ಕಂಪ್ಯೂಟರಿಗೆ ಹೊರಗಿಂದ ಜೋಡಸೂದು. ಇದರಾಗ ಎರಡ ಸಾವಿರದ ಮೂರನೂರಾ ಹದಿನಾರು ಮಂದಿ ಇದ್ರು. ಈಗ ಒಬ್ರೂ ಇಲ್ಲ."

ಕಾನ್‌ಸ್ಟೇಬಲ್ ಗಿರಿಯಪ್ಪ ಬಾಗಿಲಲ್ಲೇ ನಿಂತು ಪೆಟ್ಟಿಗೆಗೂ ಡಾಕ್ಟರರ ಮುಖಕ್ಕೂ ಕಣ್ಣಾಡಿಸಿದ. ಡಾಕ್ಟರರು ತಮಾಷೆ ಮಾಡುತ್ತಿರಲಿಲ್ಲ.

ಫಿರ್ಯಾದಿ ಹೀಗಿತ್ತು. ಧರ್ಮಾತೀರ ಆರೋಗ್ಯ ಸಂಘವು ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಕುಷ್ಠರೋಗಿಗಳಿಗೆ ಪುಕ್ಕಟೆ ಗುಳಿಗೆ ಕೊಡುತ್ತಿತ್ತು. ಯಾರಿಗೆ, ಯಾವ ಊರಲ್ಲಿ, ಎಷ್ಟನೇ ತಿಂಗಳ ಗುಳಿಗೆ ಎಂಬುದೆಲ್ಲ ಮೊದಲು ಕಾರ್ಡಿನಲ್ಲಿ ಇರುತ್ತಿತ್ತು. ಎರಡು ವರ್ಷದ ಹಿಂದೆ ಹಳೆಯ ಕಾರ್ಡಿನ ಒಂದು ಕಟ್ಟು ಹೇಗೋ ರದ್ದಿಗೆ ಹೋಗಿ, ಸವಣೂರಿನಲ್ಲಿ ಖಾರದ ಪೊಟ್ಟಣವಾಗಿ ಊರೆಲ್ಲ ಹಂಚಿಹೋಯಿತು. ಒಂದು ಪೊಟ್ಟಣದ ಮೇಲೆ ತನ್ನ ಸೊಸೆಯ ಹೆಸರನ್ನು ಓದಿದ ಮಾವ, ಅವತ್ತೇ ಅವಳನ್ನು ತವರಿಗೆ ಅಟ್ಟಿದ. ಅಂದಿನಿಂದ ಸಂಘದ ಕಟ್ಟಳೆಯೇ ಆಯಿತು: ಹೆಸರು ಪೆಟ್ಟಿಗೆಯೊಳಗೆ ಸೇರಿದ ದಿನವೇ ಕಾಗದವನ್ನು ಒಲೆಗೆ ಹಾಕಬೇಕು. ಹೀಗಾಗಿ ಈಗ ಕಾಗದವೂ ಇಲ್ಲ, ಪೆಟ್ಟಿಗೆಯೂ ಖಾಲಿ.

"ಮುಂದಿನ ಸೋಮವಾರ ಗುಳಗಿ ಹಂಚೋ ದಿನ," ಎಂದರು ಡಾಕ್ಟರರು. "ಯಾರಿಗೆ ಯಾವ ಗುಳಗಿ, ಎಷ್ಟು ಅಂತ ಗೊತ್ತಿಲ್ಲದ ಹ್ಯಾಂಗ ಕೊಡ್ಲಿ? ತಪ್ಪ ಕೊಟ್ರ ಕೊಂದಂಗ. ಕೊಡದಿದ್ರೂ ಕೊಂದಂಗ."

"ಯಾರ ಮ್ಯಾಲ ಸಂಶಯ?" ಎಂದು ಕರಬಸಪ್ಪ ಕೇಳಿದರು.

ಡಾಕ್ಟರರು ಕೌದಿಯನ್ನು ಮಡಚತೊಡಗಿದರು. "ಕೀಲಿ ಇರೂದು ಒಬ್ಬಾಕಿ ಕಡೆ. ಆಪರೇಟರ್ ಮಂಜವ್ವ. ಅಕ್ಟೋಬರ್ 31ಕ್ಕ ಕರೆಂಟ್ ಏರಪೇರಾಗಿ ಇಲ್ಲಿ ಹಾನಗಲ್ಲದ ಕಂಪ್ಯೂಟರ್ ಸುಟ್ಟತ್ರಿ. ಪೆಟಿಗಿ ಉಳೀತು. ಸವಣೂರ ದವಾಖಾನ್ಯಾಗ ನಮ್ದ ಹಳೇ ಕಂಪ್ಯೂಟರ್ ಒಂದೈತಿ. 2ನೇ ತಾರೀಖ ಅಕಿನ ಪೆಟಿಗೀನ ತೊಡಿ ಮ್ಯಾಲಿಟಗೊಂಡು ಬಸ್ಸಿನ್ಯಾಗ ಒಯ್ದಳು. ಅಲ್ಲಿ ಜೋಡಿಸಿದ್ರ ಏನೂ ಇಲ್ಲ."

ಗುನ್ನೆ ದಾಖಲಾಯಿತು. ಯಾವ ಕಲಮು ಹಾಕಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. ಪೆಟ್ಟಿಗೆ ಇಲ್ಲೇ ಇದೆ, ಕಳವಲ್ಲ. ಒಡೆದಿಲ್ಲ, ಸುಟ್ಟಿಲ್ಲ. ಕೊನೆಗೆ ಕರಬಸಪ್ಪ ದಂಡ ಸಂಹಿತೆಯ 427, ಅಂದರೆ ಬೇಕೆಂದು ಹಾನಿ ಮಾಡಿದ್ದು, ಎಂದು ಬರೆಸಿದರು. ಎಫ್.ಐ.ಆರ್. ಪ್ರತಿ ತೆಗೆದುಕೊಂಡು ಹೊರಡುವಾಗ ಡಾಕ್ಟರರು ಒಂದು ನೋಟುಬುಕ್ಕನ್ನು ಮೇಜಿನ ಮೇಲಿಟ್ಟರು.

"ನಮ್ಮ ಕಾರ್ಯಕರ್ತ ಶಿದ್ಲಿಂಗಪ್ಪ ಅಂತ. ಹಿರೇಕೆರೂರ ಕಡೆ ಹಳ್ಳಿ ನೋಡ್ಕೋತಾನ. ಪೆಟಿಗಿ ಹೋತು ಅಂತ ಕೇಳಿ ಮೂರ ದಿನ ಊಟಾ ಬಿಟ್ಟು, ತನ್ನ ಭಾಗದ ಮಂದೀದೆಲ್ಲಾ ನೆನಪಿನಿಂದ ಬರದಾನ. ಇಂಥವ್ರೂ ಅದಾರ, ಅಂಥವ್ರೂ ಅದಾರ."

ಅವರು ಹೋದ ಮೇಲೆ ಕರಬಸಪ್ಪ ಹೇಳಿದರು: "ಉಡಚಪ್ಪ, ಶನಿವಾರದೊಳಗ ಬ್ಯಾರೆ ಯಾರರೆ ಸಿಗಬೇಕು. ಇಲ್ಲಂದ್ರ ಆ ಹುಡುಗೀನ ಅರೆಸ್ಟ್ ಮಾಡೂದು. ತಿಳೀತಿಲ್ಲೊ?"

"ತಿಳೀತ್ರಿ ಸರ್," ಎಂದ ಉಡಚಪ್ಪ. ಆದರೆ ಪೆಟ್ಟಿಗೆಯೊಳಗೆ ಜನ ಹೇಗಿರುತ್ತಾರೆ, ಹೇಗೆ ಮಾಯವಾಗುತ್ತಾರೆ ಎಂಬುದು ಅವನಿಗೆ ಒಂದಿಷ್ಟೂ ತಿಳಿದಿರಲಿಲ್ಲ.

ಮಂಗಳವಾರ, ನವೆಂಬರ್ 7. ಸವಣೂರು ದವಾಖಾನೆಯಲ್ಲಿ ಪಂಚನಾಮೆ ನಡೆಯಿತು. ಪಂಚರಾಗಿ ಒಬ್ಬ ಎಲೆತೋಟದ ಯಜಮಾನ, ಒಬ್ಬ ಖಾರದ ಅಂಗಡಿಯವನು ಬಂದಿದ್ದರು. ಮಂಜವ್ವ ಗೋಡೆಗೆ ಆತು ನಿಂತಿದ್ದಳು. ಇಪ್ಪತ್ನಾಲ್ಕರ ಪ್ರಾಯ, ಬಾಡಿದ ಮುಖ. ಅವಳ ತಾಯಿ ಯಂಕವ್ವ ಬಾಗಿಲ ಹೊರಗೆ ಕುಳಿತು, ಬಂದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. "ನನ್ನ ಮಗಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್‌ರೆಪ್ಪೋ. ಮಂದಿ ಹೆಸರು ನುಂಗಿ ಏನ್ ಮಾಡ್ಯಾಳು?"

ಮಂಜವ್ವ ಪೆಟ್ಟಿಗೆ ಜೋಡಿಸಿ ಯಂತ್ರ ಚಾಲೂ ಮಾಡಿದಳು. ಅದು ಮೊದಲು ತಾರೀಖು ಕೇಳಿತು. ಅವಳು ಅವತ್ತಿನ ತಾರೀಖು ಒತ್ತಿದಳು. ವೇಳೆ ಕೇಳಿತು, ಅದನ್ನೂ ಒತ್ತಿದಳು. ಪೆಟ್ಟಿಗೆಯನ್ನು ತೆರೆ ಎಂದು ಬರೆದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು: ಅಂಥ ಡ್ರೈವು ಇಲ್ಲ.

ಉಡಚಪ್ಪ ಆ ಸಾಲನ್ನು ಅಕ್ಷರಕ್ಕಕ್ಷರ ಬರೆದುಕೊಂಡ. ಯಂತ್ರ ಚಾಲೂ ಆಗುವಾಗ ಮೇಲೆ ಬಂದ ಸಾಲುಗಳನ್ನೂ ಬರೆದುಕೊಂಡ. ಕಂಪನಿ, ವರ್ಷ, ಯಂತ್ರ ನಡೆಸುವ ಪ್ರೋಗ್ರಾಮಿನ ಹೆಸರು: ಡಾಸ್ 3.20.

ಗಿರಿಯಪ್ಪ ಬಗ್ಗಿ ನೋಡಿದ. "ಸಾಹೇಬ್ರ, ಆ ಸೊನ್ನೀನೂ ಬರೀತೀರೇನ್ರಿ? ಪಂಚನಾಮೆ ಮುಗಿಯೂದ್ರಾಗ ಈ ಯಜಮಾನ್ರ ತ್ವಾಟದ ಎಲಿ ಒಣಗತೈತಿ ನೋಡ್ರಿ."

"ಯಾವುದು ಬೇಕಾಗ್ತೈತಿ, ಯಾವುದು ಬ್ಯಾಡಾಗ್ತೈತಿ ನನಗ ತಿಳಿಯಂಗಿಲ್ಲೋ ಮಾರಾಯಾ. ಅದಕ್ಕ ಎಲ್ಲಾ ಬರ್ಯಾಕತ್ತೇನಿ." ಮಂಜವ್ವನ ಕಡೆ ತಿರುಗಿದ. "ತಂಗಿ, ಹಾನಗಲ್ಲದ ಕಂಪ್ಯೂಟರಿನ್ಯಾಗ ಈ ಸಾಲಿನ್ಯಾಗ ಏನ್ ಬರ್ತಿತ್ತು?"

"ನಾಲ್ಕು ಅಂತ ಬರ್ತಿತ್ರಿ. ಜೂನ್ ತಿಂಗಳದಾಗ ಹೊಸಾದು ಹಾಕಿಸಿದ್ರು. ಆವಾಗ ಪೆಟಿಗೀನೂ ಹೊಸದಾಗಿ ತಯಾರ ಮಾಡಿದ್ವಿ."

ಉಡಚಪ್ಪ 4 ಎಂದು ಬರೆದುಕೊಂಡ.

"ಇದರದು ನಕಲು ಇಲ್ಲೇನು?"

ಅವಳು ತಲೆ ತಗ್ಗಿಸಿದಳು. "ಮೊದಲ ಫ್ಲಾಪಿಯೊಳಗ ಇಡತಿದ್ದೆ. ಜೂನ್ ತಿಂಗಳದಾಗ ಪೆಟಿಗಿ ಹೊಸದಾಗಿ ತಯಾರಾದ ಮ್ಯಾಲ ಬಿಟ್ಟೆ, ಹಳೇ ಫ್ಲಾಪಿ ಬ್ಯಾರೆ ಕೆಲಸಕ್ಕ ಬಳಸಿದೆ. ಅದು ನನ್ನ ತಪ್ಪು. ಆದ್ರ ಅಳಿಸಿದ್ದು ನಾ ಅಲ್ರಿ."

"2ನೇ ತಾರೀಖ ಏನಾತು?"

"ಹಿಂಗ ಆತ್ರಿ. ಡಾಕ್ಟರ್ ಸಾಹೇಬ್ರು, ಪೆಟಿಗೀನ ಮತ್ತ ಹೊಸದಾಗಿ ತಯಾರ ಮಾಡಿ ನೋಡು, ಬರ್ತೈತೇನೋ ಅಂದ್ರು. ನಾ ಅವರ ಕೈ ಹಿಡಕೊಂಡೆ."

"ಯಾಕ?"

"ಹಂಗ ಮಾಡಿದ್ರ ಇದ್ದದ್ದೂ ಹೋಕ್ಕೈತ್ರಿ. ದೊಡ್ಡವರ ಕೈ ಹಿಡೀಬಾರ್ದು. ಆದ್ರೂ ಹಿಡದೆ."

ಉಡಚಪ್ಪ ಬರೆಯುವುದನ್ನು ನಿಲ್ಲಿಸಿದ. ಅಳಿಸಬೇಕೆಂದಿದ್ದವಳು ಅವತ್ತು ಸುಮ್ಮನಿದ್ದರೆ ಸಾಕಿತ್ತು. ತಪ್ಪು ಡಾಕ್ಟರರ ಮೇಲೆ ಬೀಳುತ್ತಿತ್ತು. ಈ ಮಾತನ್ನು ಸಾಹೇಬರಿಗೆ ಹೇಳಿದರೆ ನಕ್ಕಾರೇನೋ ಎಂಬ ಅನುಮಾನದಲ್ಲೇ ಅದನ್ನೂ ಬರೆದುಕೊಂಡ.

ಬುಧವಾರ, ನವೆಂಬರ್ 8, ಬೆಳಿಗ್ಗೆ 11-15. ಶಿಗ್ಗಾಂವಿಯ ಒಂದು ಕಾಲೇಜಿನಲ್ಲಿ ಹೊಸ ಕಂಪ್ಯೂಟರ್ ಬಂದಿದೆ, ಬಸವಣ್ಣೆಪ್ಪ ಎಂಬ ಲೆಕ್ಚರರು ಅದರ ತಿಳಿವಳಿಕೆಯುಳ್ಳವರು ಎಂದು ಕೇಳಿ ಉಡಚಪ್ಪ ಪೆಟ್ಟಿಗೆಯನ್ನೂ ಮಂಜವ್ವನನ್ನೂ ಡಾಕ್ಟರರನ್ನೂ ಕರೆದುಕೊಂಡು ಜೀಪಿನಲ್ಲಿ ಹೋದ. ಕರಬಸಪ್ಪ ಒಪ್ಪಿದ್ದರು, ಅರೆಮನಸ್ಸಿನಿಂದ.

ಬಸವಣ್ಣೆಪ್ಪ ಪಂಚನಾಮೆಯ ಪ್ರತಿ ಓದುತ್ತ ಹೋದವರು ಎರಡನೇ ಪುಟದಲ್ಲಿ ನಿಂತರು. "3.20, 4... ಇದನ್ನ ಬರದವ್ರು ಯಾರ್ರಿ?"

ಉಡಚಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಾನ್ರಿ. ತಪ್ಪಾಗೇತೇನ್ರಿ?"

"ತಪ್ಪಲ್ರೀ ಹವಾಲ್ದಾರ್ರ! ಅರ್ಧಾ ಕೇಸು ಇಲ್ಲೇ ಬರದೀರಲ್ರಿ. ಈ ಪೆಟಿಗಿ ನಲವತ್ತು ಮೆಗಾಬೈಟಿಂದು. ಹೊಸಾ ಡಾಸ್ ಇದನ್ನ ಒಂದ ದೊಡ್ಡ ಖೋಲಿ ಮಾಡಿ ಕೊಟ್ಟೈತಿ. ಸವಣೂರಾಗಿರೋ ಹಳೇ ಡಾಸಿಗೆ ಮೂವತ್ತೆರಡರ ಮ್ಯಾಲಿನ ಖೋಲಿ ಕಣ್ಣಿಗೆ ಕಾಣಂಗಿಲ್ಲ. ಬಾಗಿಲಕ್ಕ ಬಂದು, ಇಂಥಾ ಮನೀನ ಇಲ್ಲ ಅಂತ ಹೇಳಿ ಹೊಳ್ಳಿ ಹೋಕ್ಕೈತಿ. ಮನಿ ಐತ್ರಿ. ಮನ್ಯಾನ ಮಂದೀನೂ ಇರಬೇಕು."

ಹಸಿರು ಹಲಗೆಯನ್ನು ಕಾಲೇಜಿನ ಯಂತ್ರದ ಒಳಗೆ ಸಿಕ್ಕಿಸಿ, ತಂತಿ ಜೋಡಿಸಿದರು. ನಾಲ್ಕನೆಯ ಡಾಸ್ ಚಾಲೂ ಆಯಿತು. ಪೆಟ್ಟಿಗೆಯೊಳಗಿನ ಚಕ್ರ ಗಿರ್ರೆಂದಿತು. ಮಂಜವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪರದೆಯ ಮೇಲೆ ಕಡತಗಳ ಹೆಸರು ಒಂದರ ಕೆಳಗೊಂದು ಇಳಿದು ಬಂದವು.

ಡಾಕ್ಟರರು ಕುರ್ಚಿಯಲ್ಲಿ ಕುಸಿದು ಕುಳಿತು ಕನ್ನಡಕ ತೆಗೆದರು. "ತಂಗೀ, ನನ್ನ ಮಾಫ್ ಮಾಡವ್ವಾ," ಎಂದರು. ಮಂಜವ್ವ ಆಗಲೇ ಎಣಿಕೆ ಕೇಳಿ ಒಂದು ಆಜ್ಞೆ ಒತ್ತಿದ್ದಳು.

2315 ಎಂದು ಬಂತು.

"ಹದಿನಾರು ಬರಬೇಕಾಗಿತ್ತು," ಎಂದಳು. ಇನ್ನೊಮ್ಮೆ ಒತ್ತಿದಳು. ಮತ್ತೆ 2315.

ಕೋಣೆಯಲ್ಲಿದ್ದ ಖುಷಿ ಒಮ್ಮೆಲೇ ಆರಿಹೋಯಿತು. ಇದೂ ಡಾಸಿನ ಆಟವಿರಬಹುದೇ ಎಂದು ಉಡಚಪ್ಪ ಕೇಳಿದ. ಬಸವಣ್ಣೆಪ್ಪ ತಲೆಯಾಡಿಸಿದರು. "ಡಾಸ್ ಕೆಟ್ರ ಎಲ್ಲಾರ್ನೂ ಬಿಡತೈತ್ರಿ. ಒಬ್ರನ್ನ ಆರಿಸಿ ತಗ್ಯಾಂಗಿಲ್ಲ. ಅದನ್ನ ಮನಷ್ಯಾನ ಮಾಡಬೇಕು."

ಸಂಘದಲ್ಲಿ ಪ್ರತಿ ರೋಗಿಗೂ ಒಂದು ನಂಬರು. ಮಂಜವ್ವ ನಂಬರುಗಳನ್ನು ಒಂದೊಂದೇ ಓಡಿಸುತ್ತ ಹೋದಳು. 1146 ಆದ ಮೇಲೆ 1148 ಬಂತು.

"ಈ ಕಡತಕ್ಕ ಕೊನೀಗೆ ಯಾರು ಕೈ ಹಚ್ಯಾರ ಅಂತ ಗೊತ್ತಾಗತೈತೇನ್ರಿ?" ಉಡಚಪ್ಪ ಅಂಜುತ್ತಲೇ ಕೇಳಿದ. ಇದು ದಡ್ಡ ಪ್ರಶ್ನೆಯಿರಬಹುದೆಂದು ಅವನಿಗನ್ನಿಸಿತ್ತು.

"ಯಾರು ಅಂತ ಗೊತ್ತಾಗಂಗಿಲ್ಲ. ಯಾವಾಗ ಅಂತ ಗೊತ್ತಾಗತೈತಿ." ಬಸವಣ್ಣೆಪ್ಪ ಪರದೆಗೆ ಬೆರಳು ತೋರಿಸಿದವರು ಹಾಗೇ ನಿಂತರು. "ಇದೇನ್ರಿ ಇದು?"

ಉಳಿದ ಕಡತಗಳ ಮುಂದೆ ಅಕ್ಟೋಬರಿನ ತಾರೀಖುಗಳಿದ್ದವು. ರೋಗಿಗಳ ಕಡತದ ಮುಂದೆ ಮಾತ್ರ 1-1-80 ಎಂದಿತ್ತು. ವೇಳೆ ರಾತ್ರಿ ಹನ್ನೆರಡು ದಾಟಿ ಇಪ್ಪತ್ತಮೂರು ನಿಮಿಷ.

"1980ರಾಗ ನಾನು ಇನ್ನೂ ಶಾಲಿಗೆ ಹೋಕ್ಕಿದ್ದೆ," ಎಂದಳು ಮಂಜವ್ವ. ಆಮೇಲೆ ಅವಳ ದನಿ ಬದಲಾಯಿತು. "ನಮ್ಮ ಹಾನಗಲ್ಲದ ಯಂತ್ರಕ್ಕ ಗಡಿಯಾರ ಇಲ್ರಿ. ಹಚ್ಚಿದಾಗೊಮ್ಮೆ ತಾರೀಖು, ವ್ಯಾಳ್ಯಾ ನಾವ ಹೇಳಬೇಕು. ಹೇಳದ ಮುಂದಕ್ಕ ಹ್ವಾದ್ರ, 1980ರ ಜನವರಿ ಒಂದು, ನಡುರಾತ್ರಿ ಅಂತ ತಿಳಕೊಂಡು ಅಲ್ಲಿಂದ ಎಣಸ್ತೈತಿ."

"ನೀ ಹೇಳತಿದ್ದಿ?"

"ಒಂದ ದಿನಾನೂ ತಪ್ಪಿಸಿಲ್ರಿ."

ಅವಳ ಕೈಯ ಉಳಿದ ಎಲ್ಲ ಕಡತಗಳೂ ಅದಕ್ಕೆ ಸಾಕ್ಷಿಯಾಗಿದ್ದವು. ಉಡಚಪ್ಪ ನೋಟುಬುಕ್ಕಿನಲ್ಲಿ ನಿಧಾನವಾಗಿ ಬರೆದ: ಯಂತ್ರ ಚಾಲೂ ಮಾಡಿದವನು ತಾರೀಖು ಹೇಳುವ ರೂಢಿಯಿಲ್ಲದವನು. ಚಾಲೂ ಮಾಡಿ ಇಪ್ಪತ್ತಮೂರು ನಿಮಿಷಕ್ಕೆ ಅಳಿಸಿದ್ದಾನೆ. ಒಂದು ಹೆಸರು ಅಳಿಸಲು ಇಪ್ಪತ್ತಮೂರು ನಿಮಿಷ ಯಾಕೆ?

"ಕೊನೀಗೆ ಎಲ್ಲಾ ಸರಿ ಇದ್ದದ್ದು ಯಾವಾಗ?"

"ಅಕ್ಟೋಬರ್ 30, ಸೋಮವಾರ ಮಧ್ಯಾಹ್ನ ಒಂದಕ್ಕ. ನಾನು ಎಣಿಸಿ ಬಂದ್ ಮಾಡಿ ಊಟಕ್ಕ ಹ್ವಾದೆ. ಅವತ್ತ ಕಾರ್ಯಕರ್ತರದು ಮೀಟಿಂಗ್ ಇತ್ತು, ಆರೂ ಮಂದಿ ಬಂದಿದ್ರು. ಹಾಳಿ ತುಂಬೂದಿದ್ರ ತಾವ ತುಂಬಲಿ ಅಂತ ಕೀಲಿ ಮೇಜಿನ ಮ್ಯಾಲ ಇಟ್ಟಿದ್ದೆ. ಮರುದಿವಸ ಯಂತ್ರ ಸುಟ್ಟತು."

"1147 ಯಾರ ಭಾಗದ್ದು?"

ಉತ್ತರ ಕೊಟ್ಟವರು ಡಾಕ್ಟರರು. ಕೊಡಲು ಮನಸ್ಸಿಲ್ಲದವರಂತೆ ಕೊಟ್ಟರು. "1101ರಿಂದ 1314. ಹಿರೇಕೆರೂರ ಭಾಗ. ಶಿದ್ಲಿಂಗಪ್ಪಂದು."

ಅವತ್ತು ಸಂಜೆ ಠಾಣೆಯಲ್ಲಿ ಉಡಚಪ್ಪ ಶಿದ್ಲಿಂಗಪ್ಪನ ನೋಟುಬುಕ್ಕನ್ನು ಮುಂದಿಟ್ಟುಕೊಂಡು ಕುಳಿತ. ಹಳ್ಳಿವಾರು ಬರೆದ ಹೆಸರುಗಳು. ಗಂಡನ ಹೆಸರು, ಮನೆಯ ಗುರುತು, ಎಷ್ಟನೇ ತಿಂಗಳು, ಯಾರಿಗೆ ಯಾವ ಕೈಯ ಬೆರಳು ಮರಗಟ್ಟಿದೆ ಎಂಬುದು ಸಹ. ಇಷ್ಟನ್ನು ನೆನಪಿಟ್ಟವನು ಕೇಡು ಬಗೆಯಲಾರ ಎಂದು ಉಡಚಪ್ಪನಿಗೆ ಅನ್ನಿಸಿತು. ಪೆಟ್ಟಿಗೆಯಿಂದ ಬರೆದು ತಂದ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದ. 1101ರಿಂದ 1314ರವರೆಗೆ ಇನ್ನೂರಾ ಹದಿನಾಲ್ಕು ಜನ. ನೋಟುಬುಕ್ಕಿನಲ್ಲಿ ಇನ್ನೂರಾ ಹದಿಮೂರು.

ಮೂರು ಸಲ ಎಣಿಸಿದ. ಶಿದ್ಲಿಂಗಪ್ಪ ಒಬ್ಬರನ್ನೂ ಮರೆತಿರಲಿಲ್ಲ, ಪೆಟ್ಟಿಗೆ ಮರೆತ ಆ ಒಬ್ಬರನ್ನು ಬಿಟ್ಟು.

ಗುರುವಾರ, ನವೆಂಬರ್ 9, ಬೆಳಿಗ್ಗೆ 8-30. 1146 ಮತ್ತು 1148, ಎರಡೂ ಮಾವಿನತೋಪು ಎಂಬ ಹಳ್ಳಿಯವು. ಹಿರೇಕೆರೂರಿನಿಂದ ರಟ್ಟೀಹಳ್ಳಿ ಕಡೆಗೆ ಏಳು ಕಿಲೋಮೀಟರು. ಹಿರೇಕೆರೂರು ಠಾಣೆಗೆ ತಿಳಿಸಿ, ಜೀಪನ್ನು ಊರ ಹೊರಗೇ ಬಿಟ್ಟು ಕರಬಸಪ್ಪ, ಉಡಚಪ್ಪ, ಗಿರಿಯಪ್ಪ ಮೂವರೂ ಸಾದಾ ಬಟ್ಟೆಯಲ್ಲಿ ನಡೆದರು. ಪೊಲೀಸರು ಒಂದು ಮನೆ ಹೊಕ್ಕರೆ ಊರೆಲ್ಲ ಕಾರಣ ಕೇಳುತ್ತದೆ, ಕಾರಣ ತಿಳಿದರೆ ಆ ಮನೆಗೆ ಯಾರೂ ಕಾಲಿಡುವುದಿಲ್ಲ ಎಂದು ಉಡಚಪ್ಪ ಸಾಹೇಬರಲ್ಲಿ ಹಿಂದಿನ ದಿನವೇ ಬೇಡಿಕೊಂಡಿದ್ದ.

1148 ಹುಸೇನಬಿ, ಬಳೆಗಾರ ಮುದುಕಿ. ಬುಟ್ಟಿ ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

"ಬರ್ರಿ, ಕುಂದ್ರಿ. ಬಳಿ ಯಾರಿಗಿ? ನಿಮಗೇನ್ರಿ?" ಎಂದು ಗಿರಿಯಪ್ಪನನ್ನು ನೋಡಿ ನಕ್ಕಳು. "ಬೂಟು ಪೋಲೀಸರದು, ಅಂಗಿ ಮದಿವಿ ಮನೀದು. ಯಾರ್ನ ಹಿಡ್ಯಾಕ ಬಂದೀರಿ?"

ಗಿರಿಯಪ್ಪ ತನ್ನ ಬೂಟುಗಳನ್ನು ನೋಡಿಕೊಂಡ. ಉಡಚಪ್ಪ ಹತ್ತಿರ ಕುಳಿತು ದನಿ ತಗ್ಗಿಸಿದ. "ಯವ್ವಾ, ನಿನ್ನ ಸಂಗಾಟ ಈ ಊರಾಗ ಗುಳಗಿ ತಗೊಳ್ಳೋರು ಯಾರ ಅದಾರ?"

ಮುದುಕಿಯ ನಗು ನಿಂತಿತು. ಬುಟ್ಟಿಯ ಬಟ್ಟೆ ಸರಿಮಾಡಿದಳು. "ಆ ಮೂಲಿಮನಿ ಮುದುಕಪ್ಪ, ನಾನು. ಮತ್ತ ಅಡಿವೆವ್ವ. ಅಕಿ ಹ್ವಾದ್ಲಲ್ರಿ, ಪಾಪ."

"ಎಲ್ಲಿಗೆ?"

"ಎಲ್ಲಿಗಂದ್ರ? ಮಣ್ಣಿಗೆ. ಗೌರಿ ಗಣಪತಿ ಹಬ್ಬದ ಮುಂದ. ಇಪ್ಪತ್ತೆರಡು ವರ್ಷದ ಹುಡುಗಿ. ಜ್ವರಾ ಬಂದು, ಕಾಮಣಿ ಆಗಿ ಕಣ್ಣೆಲ್ಲಾ ಹಳದಿ ಬಿದ್ದು ಹ್ವಾದ್ಲು."

ಕರಬಸಪ್ಪ ಉಡಚಪ್ಪನ ಮುಖ ನೋಡಿದರು. ಅವರು ಅಳಿಸಿಹೋದ ಒಂದು ಹೆಸರನ್ನು ಹುಡುಕಿಕೊಂಡು ಬಂದಿದ್ದರು. ಸಾವನ್ನು ಯಾರೂ ಎಣಿಸಿರಲಿಲ್ಲ.

ಅಡಿವೆವ್ವನ ತಾಯಿ ಫಕ್ಕೀರವ್ವ ಇವರನ್ನು ದವಾಖಾನೆಯವರೆಂದು ತಿಳಿದಳು. ಉಡಚಪ್ಪ ತಾನು ಯಾರೆಂದು ಹೇಳಿದ ಮೇಲೂ ಹಾಗೇ ಮಾತಾಡಿದಳು.

"ಜುಲೈದಾಗ ಶುರು ಮಾಡಿದ್ಲರಿ. ಐದ ವಾರಕ್ಕ ಜ್ವರಾ, ಮೈಯೆಲ್ಲಾ ಕೆಂಪು ಗಂದಿ, ತುರಿಕಿ. ಆಗಸ್ಟ್ ತಿಂಗಳ ಗುಳಗಿ ದಿನ ಶಿದ್ಲಿಂಗಪ್ಪಣ್ಣ ಬಂದಾಗ ಹೇಳಿದ್ವಿ. ಮೊದಮೊದಲ ಹಂಗ ಆಕ್ಕೈತಿ, ಏನ್ ಆದ್ರೂ ಬಿಡಬ್ಯಾಡ್ರಿ ಅಂದ. ದೇವರಂಥಾ ಮನಷ್ಯಾರಿ. ಮಳಿಗೆ ಹಾದಿ ಕೆಡತೈತಿ ಅಂತ ಎರಡ ತಿಂಗಳದ್ದು ಒಮ್ಮೆಕ್ಲೇ ಕೊಟ್ಟ. ಅಕಿ ಸಾಯೂ ಹಿಂದಿನ ದಿನದ ತನಕಾ ನುಂಗಿದ್ಲು. ಒಂದ ದಿನಾನೂ ತಪ್ಪಿಸಲಿಲ್ಲ ನನ್ನ ಮಗಳು."

"ಸತ್ತ ಮ್ಯಾಲ ಶಿದ್ಲಿಂಗಪ್ಪ ಬಂದಿದ್ನೇನು?"

"ಒಂದ ಸಲ. ಹೊಚ್ಚಲದಾಗ ನಿಂತ. ಮಾತಾಡಲಿಲ್ಲ. ಆಮ್ಯಾಲ ಈ ಓಣಿಗೇ ಬರಲಿಲ್ಲ."

"ಉಳದ ಗುಳಗಿ?"

ಫಕ್ಕೀರವ್ವ ಗೋಡೆಯ ಮಾಡದಿಂದ ಒಂದು ಪೊಟ್ಟಣ ತೆಗೆದುಕೊಟ್ಟಳು. ಉಡಚಪ್ಪ ಬಿಚ್ಚಿ ನೋಡಿದ. ಬಿಳಿಯ ಸಣ್ಣ ಗುಳಿಗೆ, ಒಂಬತ್ತು.

"ಒಂಬತ್ತ ಉಳದಿದ್ವೇನು?"

"ಇಲ್ರಿ. ನಲವತ್ತರ ಮ್ಯಾಲ ಇದ್ವು. ಸಣ್ಣಾಕಿ ಸರೋಜಾನ ಬೆನ್ನ ಮ್ಯಾಲೂ ಒಂದ ಮಚ್ಚಿ ಎದ್ದೈತಿ. ಮತ್ತ ಹೆಸರು ಬರಸಾಕ ಹ್ವಾದ್ರ ಮಂದಿಗೆ ಗೊತ್ತಾದೀತು ಅಂತ, ಅಕ್ಕನ ಗುಳಗೀನ ಅಕಿಗೆ ದಿನಾ ಒಂದೊಂದು ಕೊಡಾಕತ್ತೇನಿ."

ಉಡಚಪ್ಪ ಪೊಟ್ಟಣವನ್ನು ಮುಚ್ಚಿ ಜೇಬಿಗಿಟ್ಟ. "ಎಲ್ಲಿ ಅದಾಳ?"

"ಒಳಗ ಮಲಗ್ಯಾಳ್ರಿ. ನಿನ್ನೆಯಿಂದ ಜ್ವರಾ."

ಹುಡುಗಿಗೆ ಹದಿನೇಳು ವರ್ಷ. ಕತ್ತಿನ ಮೇಲೆ, ತೋಳಿನ ಮೇಲೆ ಕೆಂಪು ಗಂದೆ ಎದ್ದಿತ್ತು. ಕಣ್ಣು ಇನ್ನೂ ಹಳದಿಯಾಗಿರಲಿಲ್ಲ. ಉಡಚಪ್ಪ ಡಾಕ್ಟರನಲ್ಲ, ತಪ್ಪು ತಿಳಿದಿರಬಹುದು, ಸುಮ್ಮನೆ ಗಾಬರಿ ಮಾಡುತ್ತಿರಬಹುದು. ಆದರೂ ಬಾಯಿಂದ ಮಾತು ಹೊರಟೇಬಿಟ್ಟಿತು. "ಗಿರಿಯಪ್ಪಾ, ಜೀಪ್ ಒಳಗ ತಾ! ಊರು ನೋಡಿದ್ರ ನೋಡವಲ್ದ್ಯಾಕ!"

ಮಧ್ಯಾಹ್ನ 12-50ಕ್ಕೆ ಸರೋಜವ್ವ ಹಾನಗಲ್ಲ ದವಾಖಾನೆ ಸೇರಿದಳು. ಡಾ. ಪರಮೇಶಪ್ಪ ಅವಳ ಮೈ ನೋಡಿ, ಪೊಟ್ಟಣ ನೋಡಿ ಅಲ್ಲೇ ಗುಳಿಗೆ ನಿಲ್ಲಿಸಿದರು. ಸಾವಿರಾರು ಜನರನ್ನು ಉಳಿಸಿದ ಗುಳಿಗೆ ಅದು. ಎಲ್ಲೋ ಅಪರೂಪಕ್ಕೆ ಒಬ್ಬರ ಮೈಗೆ ಆಗಿಬರುವುದಿಲ್ಲ, ಒಂದೇ ರಕ್ತದವರಲ್ಲಿ ಇಬ್ಬರಿಗೂ ಆಗಿಬರದೆ ಹೋಗಬಹುದು. ಐದಾರು ವಾರದಲ್ಲಿ ಜ್ವರ, ಗಂದೆ. ಕೂಡಲೇ ನಿಲ್ಲಿಸಿದರೆ ಬದುಕುತ್ತಾರೆ. ನಿಲ್ಲಿಸದಿದ್ದರೆ ಈಲಿ, ಅಂದರೆ ಯಕೃತ್ತು, ಕೆಡುತ್ತದೆ. ಇದನ್ನು ಪ್ರತಿ ಕಾರ್ಯಕರ್ತನಿಗೂ ತರಬೇತಿಯ ಮೊದಲ ದಿನವೇ ಹೇಳಿರುತ್ತಾರೆ.

ಸಂಜೆ 4-35. ಶಿದ್ಲಿಂಗಪ್ಪನನ್ನು ಠಾಣೆಗೆ ಕರೆಸಲಾಯಿತು. ನಲವತ್ತರ ಸುಮಾರು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಡಗೈಯ ಎರಡು ಬೆರಳು ಒಳಕ್ಕೆ ಬಾಗಿದ್ದವು. ಸಂಘದಲ್ಲಿ ಅವನೇ ಏಳನೇ ನಂಬರಿನ ರೋಗಿ. ಗುಣವಾದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದವನು. ಹೊಸ ರೋಗಿಗಳಿಗೆ ಆ ಕೈ ತೋರಿಸಿಯೇ ಧೈರ್ಯ ಹೇಳುತ್ತಿದ್ದನಂತೆ.

"ಅಕ್ಟೋಬರ್ 30, ಮಧ್ಯಾಹ್ನ ಎಲ್ಲಿದ್ದಿ?" ಉಡಚಪ್ಪ ಶುರು ಮಾಡಿದ.

"ಆಫೀಸಿನ್ಯಾಗರಿ. ಮೀಟಿಂಗ್ ಇತ್ತು."

"ಮೀಟಿಂಗಿನ್ಯಾಗ ಏನ್ ಹೇಳಿದ್ರು?"

"ಮುಂದಿನ ತಿಂಗಳ ಡಾಕ್ಟರ್ ಸಾಹೇಬ್ರು ಖುದ್ದು ನನ್ನ ಭಾಗದ ಎಲ್ಲಾರ್ನೂ ನೋಡ್ತಾರ ಅಂದ್ರು."

"ಕಂಪ್ಯೂಟರ್ ಮುಟ್ಟಿದ್ದಿ?"

"ಹಾಳಿ ತುಂಬಾಕ ಎಲ್ಲಾರೂ ಮುಟ್ತಾರ್ರಿ."

"ಹಚ್ಚಿದ ಕೂಡ್ಲೇ ಅದು ಏನ್ ಕೇಳ್ತೈತಿ?"

"ಏನೋ ಕೇಳ್ತೈತ್ರಿ. ಎಂಟರ್ ಒತ್ತಿದ್ರ ಮುಂದ ಹೋಕ್ಕೈತಿ."

ಮೂಲೆಯಲ್ಲಿ ಬರೆಯುತ್ತಿದ್ದ ಗಿರಿಯಪ್ಪ ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗಿಸಿದ.

"ಅಡಿವೆವ್ವ ಯಾರು?"

"ಯಾವ ಅಡಿವೆವ್ವರಿ?"

"ಮಾವಿನತೋಪಿನಾಕಿ."

"ನೆನಪಿಲ್ರಿ."

"ಇನ್ನೂರಾ ಹದಿಮೂರು ಮಂದಿ ನೆನಪದಾರ. ಯಾರ ಮನಿ ಮುಂದ ಬೇವಿನಗಿಡ ಐತಿ ಅನ್ನೂದೂ ನೆನಪೈತಿ. ಇಕಿ ಒಬ್ಬಾಕಿ ನೆನಪಿಲ್ಲ?"

"ಮನಷ್ಯಾರ್ರಿ. ಮರವು ಇರತೈತಿ."

ಶಿದ್ಲಿಂಗಪ್ಪನ ದನಿ ಸಮವಾಗಿತ್ತು. ಉಡಚಪ್ಪನಿಗೆ ಹಳೆಯ ಅಳುಕು ಮೇಲೆದ್ದು ಬಂತು. ನಿಜವಾಗಿಯೂ ಮರೆತಿದ್ದರೆ? ಎಂಟರ್ ಒತ್ತುವವರು ಇನ್ನೂ ಐದು ಜನರಿದ್ದಾರೆ. ಕರಬಸಪ್ಪ ಕೈಗಡಿಯಾರ ನೋಡಿದರು. ಮುಂದೆ ಏನು ಕೇಳಬೇಕೆಂದು ತೋಚದೆ, ಮಧ್ಯಾಹ್ನದಿಂದ ತನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನೇ ಉಡಚಪ್ಪ ಹೇಳಿಬಿಟ್ಟ.

"ಅಡಿವೆವ್ವನ ತಂಗಿ ಸರೋಜವ್ವನ ಮಾರಿ ಕಣ್ಮುಂದ ಬರಾಕತ್ತೈತಿ ನನಗ. ಅಕ್ಕನ ಉಳದ ಗುಳಗಿ ನುಂಗಾಕತ್ತಿದ್ಲಂತ. ನಿನ್ನೆಯಿಂದ ಜ್ವರಾ. ಮೈಯೆಲ್ಲಾ ಗಂದಿ..."

ಕುರ್ಚಿ ಹಿಂದಕ್ಕೆ ಬಿತ್ತು. ಶಿದ್ಲಿಂಗಪ್ಪ ಎದ್ದು ನಿಂತಿದ್ದ. "ನಿಲ್ಸಿದ್ರಿ? ಗುಳಗಿ ನಿಲ್ಸಿದ್ರೋ ಇಲ್ಲೋ? ಮೊದಲ ನಿಲ್ಲಸ್ರೀ ಯಪ್ಪಾ! ಒಂದೂ ಕೊಡಬ್ಯಾಡ್ರಿ, ಒಂದೂ..."

ಅವನ ಕೂಗು ಹೊರಗಿನ ಜಗಲಿಯವರೆಗೂ ಕೇಳಿತು. ಗಿರಿಯಪ್ಪನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ನಿಲ್ಸೇವಿ," ಎಂದರು ಕರಬಸಪ್ಪ ಮೆಲ್ಲಗೆ. "ಹುಡುಗಿ ಉಳೀತಾಳ ಅಂತ ಡಾಕ್ಟರ್ ಹೇಳ್ಯಾರ. ಆದ್ರ ಇದ ಜ್ವರಾ ಬಂದಾಗ ಅಕ್ಕಗ ಬಿಡಬ್ಯಾಡ ಅಂದಾವ ನೀ, ತಂಗಿಗೆ ನಿಲ್ಲಸ್ರಿ ಅಂತ ಯಾಕ ಅಂದಿ ಶಿದ್ಲಿಂಗಪ್ಪ?"

ಅವನು ನೆಲದ ಮೇಲೇ ಕುಳಿತುಬಿಟ್ಟ.

ಜಬಾಬು ಬರೆದು ಮುಗಿಸುವಾಗ 5-50. ಎಫ್.ಐ.ಆರ್.ನ 427ರ ಜೊತೆಗೆ 304-ಎ, ಅಂದರೆ ಅಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಮತ್ತು 201, ಪುರಾವೆ ನಾಶ, ಸೇರಿದವು. ಸಂಜೆ 6 ಗಂಟೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಉಡಚಪ್ಪ ವೇಳೆಯನ್ನು ಬರೆದು ಮೂರು ಸಲ ಓದಿದ. ಅದು ಸರಿಯಾಗಿಯೇ ಇತ್ತು.

ಶಿದ್ಲಿಂಗಪ್ಪ ಹೇಳಿದ್ದು ಇಷ್ಟು. ಹತ್ತು ವರ್ಷ ಹೆಂಡತಿಯೂ ಒಂದು ತಂಬಿಗೆ ನೀರು ಕೈಗೆ ಕೊಡದೆ ನೆಲದ ಮೇಲಿಟ್ಟು ಸರಿಸುತ್ತಿದ್ದಳು. ಈ ಗುಳಿಗೆ ಬಂದ ಮೇಲೆ ಅವನು ಮತ್ತೆ ಮನುಷ್ಯನಾದ. ಆ ಗುಳಿಗೆ ಯಾರಿಗಾದರೂ ಕೆಡುಕು ಮಾಡೀತು ಎಂಬ ತರಬೇತಿಯ ಮಾತನ್ನು ಅವನ ಕಿವಿ ಕೇಳಿತ್ತು, ಮನಸ್ಸು ಒಪ್ಪಿರಲಿಲ್ಲ. ಅಡಿವೆವ್ವ ಸತ್ತಾಗ ಒಪ್ಪಲೇಬೇಕಾಯಿತು. ಗುಳಿಗೆಯಿಂದ ಸತ್ತಳೆಂದು ಮಾವಿನತೋಪಿನಲ್ಲಿ ಸುದ್ದಿಯಾದರೆ ಸುತ್ತಲಿನ ಇನ್ನೂರು ಜನ ಗುಳಿಗೆಯನ್ನು ತಿಪ್ಪೆಗೆ ಎಸೆಯುತ್ತಾರೆ, ಅವರ ಬೆರಳೂ ತನ್ನಂತೆ ಬಾಗುತ್ತವೆ. ಹಾಗೆಂದು ತನಗೆ ತಾನು ಹೇಳಿಕೊಂಡ. ಎರಡು ತಿಂಗಳು ಸತ್ತವಳ ಹೆಸರಿನಲ್ಲಿ ಗುಳಿಗೆ ಕೊಟ್ಟೆನೆಂದು ಬರೆದ. ಡಾಕ್ಟರರೇ ಬರುತ್ತಾರೆಂದು ತಿಳಿದ ದಿನ ಯಂತ್ರದ ಮುಂದೆ ಕುಳಿತ.

"ಗುಳಗಿ ಬಿಟ್ಟ ಕಾರಣ ಏನು ಅಂತ ಕೇಳ್ತೈತ್ರಿ ಅದು," ಎಂದಿದ್ದ. "ನಾಕ ಕಾರಣ ತೋರಸ್ತೈತಿ. ಗುಣ ಆತು. ಊರ ಬಿಟ್ರು. ತಾವಾಗೇ ಬಿಟ್ರು. ಬ್ಯಾರೆ ಜಡ್ಡಿನಿಂದ ಸತ್ರು. ಅಕೀದು ಯಾವುದೂ ಅಲ್ಲ. ಬ್ಯಾರೆ ಜಡ್ಡು ಅಂತ ಸುಳ್ಳ ಒತ್ತಾಕ ಬೆರಳ ಬರಲಿಲ್ರಿ. ಖರೆ ಬರ್ಯಾಕ ಜಾಗಾ ಇರಲಿಲ್ಲ. ಭಾಳ ಹೊತ್ತು ಕುಂತೆ. ಆಮ್ಯಾಲ ಅಕೀನ್ನ ತಗದಬಿಟ್ಟೆ."

ಮೂರು ದಿನಕ್ಕೆ ಪೆಟ್ಟಿಗೆಯೇ ತೆರೆಯಲಿಲ್ಲವೆಂದು ಸುದ್ದಿ ಬಂದಾಗ, ತಾನು ಒಬ್ಬಳನ್ನು ತೆಗೆದದ್ದರಿಂದಲೇ ಎರಡು ಸಾವಿರ ಜನರೂ ಹೋದರೆಂದು ಅವನು ನಂಬಿದ. ನೋಟುಬುಕ್ಕು ಬರೆದದ್ದು ಆ ಹೆದರಿಕೆಯಿಂದ. ಎಲ್ಲರನ್ನೂ ಮರಳಿ ತರಲು ಕುಳಿತವನಿಗೆ ಆ ಒಂದು ಹೆಸರನ್ನು ಬರೆಯಲು ಮಾತ್ರ ಆಗಿರಲಿಲ್ಲ. ಪೆಟ್ಟಿಗೆಯೊಳಗೆ ಉಳಿದವರೆಲ್ಲ ಸುರಕ್ಷಿತವಾಗಿದ್ದರು, ತೊಂದರೆ ಇದ್ದದ್ದು ಡಾಸಿನದು ಎಂದು ಉಡಚಪ್ಪ ತಿಳಿಸಿದಾಗ ಶಿದ್ಲಿಂಗಪ್ಪ ತಲೆಯೆತ್ತಿ ಅವನನ್ನು ನೋಡಿದ. "ಹಂಗಾದ್ರ ಹೋದಾಕಿ ಅಕಿ ಒಬ್ಬಾಕಿನ," ಎಂದ.

ನವೆಂಬರ್ 13, ಸೋಮವಾರ, ಬೆಳಿಗ್ಗೆ 9-10. ಕೋರ್ಟಿನ ಅಪ್ಪಣೆ ಪಡೆದು ಪೆಟ್ಟಿಗೆಯನ್ನು ಬಾಂಡಿನ ಮೇಲೆ ಸಂಘಕ್ಕೆ ಮರಳಿಸಲಾಗಿತ್ತು. ಶಿಗ್ಗಾಂವಿಯಲ್ಲಿ ಬಸವಣ್ಣೆಪ್ಪ ಎಲ್ಲವನ್ನೂ ನಕಲು ಮಾಡಿಕೊಂಡು, ದೊಡ್ಡ ಖೋಲಿಯ ಬದಲು ಮೂವತ್ತೆರಡರೊಳಗಿನ ಖೋಲಿ ಮಾಡಿ ಕೊಟ್ಟಿದ್ದರು. ಈಗ ಹಳೆಯ ಡಾಸಿಗೂ ಅದು ಕಾಣುತ್ತಿತ್ತು. ರಸೀದಿಗೆ ಸಹಿ ಪಡೆಯಲು ಉಡಚಪ್ಪ ಸವಣೂರಿಗೆ ಬಂದಾಗ ಮಂಜವ್ವ ಯಂತ್ರದ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಹೊಸ ಫ್ಲಾಪಿಗಳ ಡಬ್ಬಿ. ಸರೋಜವ್ವನ ಜ್ವರ ಹಿಂದಿನ ದಿನ ಇಳಿದಿತ್ತು.

ಯಂತ್ರ ತಾರೀಖು ಕೇಳಿತು. ಅವಳು ಬರೆದಳು. ವೇಳೆ ಕೇಳಿತು. ಬರೆದಳು. 1147 ಎಂಬ ಖಾಲಿ ಜಾಗದಲ್ಲಿ ಅಡಿವೆವ್ವ, ಮಾವಿನತೋಪು ಎಂದು ತುಂಬಿದಳು. ಗುಳಿಗೆ ಬಿಟ್ಟ ಕಾರಣ ಏನೆಂದು ಅದು ಕೇಳಿದಾಗ ಪರದೆಯ ಮೇಲೆ ನಾಲ್ಕರ ಬದಲು ಐದು ಸಾಲುಗಳಿದ್ದವು. ಮಂಜವ್ವ ಐದನೆಯದನ್ನು ಒತ್ತಿದಳು: ಗುಳಿಗೆಯಿಂದ ಸಾವು.

"ಈ ಸಾಲು ಮೊದಲ ಇರಲಿಲ್ಲಲ್ಲ ತಂಗಿ?"

"ಇರಲಿಲ್ರಿ. ಈಗ ಹಾಕಿದೆ."

"ಹಾಕಾಕ ಎಷ್ಟೊತ್ತು ಹಿಡೀತು?"

ಅವಳು ಯೋಚಿಸಿದಳು. "ಎಷ್ಟೊತ್ರಿ... ಎರಡ ನಿಮಿಷ ಆಗಿರಬೇಕು."

ಉಡಚಪ್ಪ ನೋಟುಬುಕ್ಕು ತೆರೆದು, ಇಪ್ಪತ್ತಮೂರು ನಿಮಿಷ ಎಂಬ ಸಾಲನ್ನು ನೋಡಿ, ಇದನ್ನು ಬರೆಯದೆ ಮುಚ್ಚಿದ.